ಲೆಕ್ಕದ ಪುಸ್ತಕದ ತಾಯಿಗೆ ವಯಸ್ಸು ಸಾಲದು

ಗಣಿತ ಪಠ್ಯಪುಸ್ತಕ ಸಿದ್ಧಪಡಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಎಂಟನೆಯ ತರಗತಿಯ ಒಂದು ಲೆಕ್ಕ ನಮ್ಮ ಮನೆಗೆ ಬೆಂಕಿ ಇಟ್ಟಿದೆ. ‘ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. ಇಬ್ಬರ ವಯಸ್ಸು ಕೂಡಿದರೆ ಇಪ್ಪತ್ತೆಂಟು. ಮಗಳ ವಯಸ್ಸೆಷ್ಟು?’ ನನ್ನ ಮಗಳು ರುದ್ರಾಣಿ ಜಗುಲಿಯ ಮೇಲೆ ಕೂತು, ‘ಮಗಳದು ಎಕ್ಸ್ ಆಗಿರಲಿ, ತಾಯಿಯದು ಮೂರು ಎಕ್ಸ್, ಒಟ್ಟು ನಾಲ್ಕು ಎಕ್ಸ್’ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಏಳು ಎಂದು ಉತ್ತರ ತೆಗೆದಳು. ತಾಳೆಯನ್ನೂ ನೋಡಿದಳು: ಮಗಳಿಗೆ ಏಳು, ತಾಯಿಗೆ ಇಪ್ಪತ್ತೊಂದು. ಅಷ್ಟಕ್ಕೇ ಸುಮ್ಮನಾಗಬಾರದೇ? ‘ಅವ್ವಾ, ಈ ತಾಯಿ ಹದಿನಾಲ್ಕಕ್ಕೇ ಹಡೆದಾಳೆ!’ ಎಂದು ಕೂಗಿದಳು.

ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಕೊಟ್ರಮ್ಮನವರ ಕಿವಿ ನೆಟ್ಟಗಾಯಿತು. ರುದ್ರಾಣಿಗೂ ಈಗ ಹದಿನಾಲ್ಕು. ಹೊನ್ನಾಳಿ ಕಡೆಯಿಂದ ಸಂಬಂಧವೊಂದು ಬಂದು ವಾರವಾಗಿತ್ತಷ್ಟೆ.

‘ನೋಡೇ ನಿರ್ಮಲ, ಸರ್ಕಾರದ ಪುಸ್ತಕದಾಗೇ ಐತೆ. ನೀನು ನೋಡಿದ್ರೆ ಮದ್ವಿ ಮಾಡಾಕೇ ಬ್ಯಾಡ ಅಂತೀಯ!’

‘ಅತ್ತೆ, ಹದಿನೆಂಟು ತುಂಬಬೇಕು ಅಂತ ಕಾನೂನೇ ಐತ್ರಿ. ಆ ಲೆಕ್ಕನೇ ತಪ್ಪು.’

‘ತಪ್ಪು ಅಂತ ಸರ್ಕಾರದೋರೇ ಬರೆದು ತಿಳಿಸ್ಲಿ, ಒಪ್ತೀನಿ.’

‘ಹಂಗಾದ್ರೆ ಉತ್ತರ ಬರೋತನಕ ಹೊನ್ನಾಳಿಯೋರಿಗೆ ಮಾತು ಕೊಡಂಗಿಲ್ಲ.’

‘ಆಗ್ಲಿ ಬಿಡು, ಎಷ್ಟು ದಿನ ಆಗ್ತೈತೆ?’ ಎಂದರು ಅತ್ತೆ. ಪಾಪ, ಸರ್ಕಾರಿ ಕಚೇರಿಗಳನ್ನು ಅವರು ಕಂಡವರಲ್ಲ.

ಮಾನ್ಯರೇ, ಮದುವೆಯ ಕಾನೂನು ತಿದ್ದಿದ ಸರ್ಕಾರಕ್ಕೂ ಲೆಕ್ಕದ ಪುಸ್ತಕ ಅಚ್ಚು ಹಾಕಿಸಿದ ಸರ್ಕಾರಕ್ಕೂ ಮಾತುಕತೆ ಇಲ್ಲವೇ? ಆ ತಾಯಿಗೆ ಇನ್ನೊಂದು ಐದಾರು ವರ್ಷ ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನನ್ನ ಓದು ಏಳನೆಯ ತರಗತಿಯ ನಡುವೆಯೇ ಮದುವೆಯ ಚಪ್ಪರದಡಿ ನಿಂತುಹೋಯಿತು. ಈ ಸಮೀಕರಣ ಬಿಡಿಸುವುದನ್ನು ನನಗೆ ಕಲಿಸಿದವಳೇ ರುದ್ರಾಣಿ. ಅವಳ ಓದನ್ನು ನಾನು ನಿಲ್ಲಿಸಲಾರೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಲೆಕ್ಕ ತಪ್ಪು ಎಂದು ಒಪ್ಪಿ ಬರೆಯುವ ಧೈರ್ಯವಿದ್ದರೆ ನಾಳೆಯೇ ಬರೆಯಿರಿ. ಅದು ಬಿಟ್ಟು ‘ಉತ್ತರ ಏಳು, ಲೆಕ್ಕ ಸರಿಯಾಗಿದೆ’ ಎಂದು ಬರೆಯುವವರಿದ್ದರೆ ದಯವಿಟ್ಟು ಬರೆಯಲೇಬೇಡಿ. ಉಳಿದ ಅರ್ಜಿಗಳ ಹಾಗೆ ಇದನ್ನೂ ಕಡತದ ಅಡಿಯಲ್ಲಿ ಮಲಗಿಸಿ. ಎಷ್ಟು ವರ್ಷ ಎಂದಿರಾ? ಎಕ್ಸ್ ಆಗಿರಲಿ. ಹದಿನಾಲ್ಕಕ್ಕೆ ಎಕ್ಸ್ ಕೂಡಿದರೆ ಹದಿನೆಂಟು, ನೀವೇ ಬಿಡಿಸಿಕೊಳ್ಳಿ.

ಇದರ ಪ್ರತಿಯೊಂದನ್ನು ಪತ್ರಿಕೆಗೂ ಕಳಿಸಿದ್ದೇನೆ. ಅದರಲ್ಲಿ ಬಂದರೆ ಅತ್ತೆ ನೋಡಿಯಾರೆಂಬ ಭಯ ನನಗಿಲ್ಲ. ಅವರಿಗೆ ಓದಿ ಹೇಳುವವಳು ರುದ್ರಾಣಿಯೇ.

ಇಂತಿ, ನಿಮ್ಮ ಉತ್ತರ ಬಾರದಿರಲೆಂದು ದಿನವೂ ಅಂಚೆಯವನ ದಾರಿ ನೋಡುವ,
ನಿರ್ಮಲಮ್ಮ
ನಲ್ಲೂರು, ಚನ್ನಗಿರಿ ತಾಲ್ಲೂಕು
೧೯೮೧