ಬಣ್ಣದ ಕಾರ್ಖಾನೆಯ ಗೇಟಿನ ಮುಂದೆ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಬೇಡವೆಂದರೂ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತೀಯಂತೆ. ಹೇಳಿದರೆ ಕೇಳುವ ಪೈಕಿಯಲ್ಲ ನೀನು. ಭಾವನ ಕೆಮ್ಮು ಕಡಿಮೆಯಾಯಿತೆ? ಫೋನಿನಲ್ಲಿ ನನ್ನ ದನಿ ಒಡೆದಂತಿದೆ ಎಂದೆಯಲ್ಲ, ಅದು ಶೀತವಲ್ಲ, ಕೂಗಿ ಕೂಗಿ ಹಾಗಾಗಿದೆ. ಆಗ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವ ಚೂಟಿ ನಿನಗೆ ಗೊತ್ತು. ಹೋದ ಸಲ ನೀನು ಬಂದಾಗ ಪಕ್ಕದಲ್ಲೇ ಮಲಗಿ ನಿನ್ನ ಹಳೆಯ ಹಾಡುಗಳನ್ನೆಲ್ಲ ಹಾಡಿಸಿಕೊಂಡವಳು. ಬಣ್ಣದ ಕಾರ್ಖಾನೆಯಲ್ಲಿ ಕುದಿನೀರಿನ ಪೈಪು ಒಡೆದು ಇಬ್ಬರು ಹೆಂಗಸರು ಬೆಂದು ಸತ್ತರಲ್ಲ, ಉಳಿದ ಹೆಂಗಸರು ಅದನ್ನೇ ನಾಟಕ ಮಾಡಿ ಗೇಟಿನ ಮುಂದೆ ಆಡುತ್ತಿದ್ದರು. ಆ ನಾಟಕ ನೋಡಿದವರ ಬದುಕಿನಲ್ಲಿ ಏನಾದರೂ ಬದಲಾಗುತ್ತದೆಯೇ ಎಂಬುದೇ ಚೂಟಿಯ ಸಂಶೋಧನೆ. ಬದಲಾಗಿತ್ತು. ಹೊಸ ಪೈಪು ಹಾಕುವವರೆಗೆ ಒಳಗೆ ಕಾಲಿಡುವುದಿಲ್ಲವೆಂದು ಒಂದು ಪಾಳಿಯವರೆಲ್ಲ ಹೊರಗೇ ಕೂತುಬಿಟ್ಟರು. ನಮ್ಮ ವಿಭಾಗದ ಮುಖ್ಯಸ್ಥರು "ಇದು ಕಲೆಯಲ್ಲ ಮೇಡಂ, ಗಲಾಟೆ" ಎಂದು ತಕರಾರು ತೆಗೆದಾಗ ನಾನೇ ಜಗಳವಾಡಿ ಒಪ್ಪಿಸಿದ್ದೆ. ಹುಡುಗಿ ಒಬ್ಬಳೇ ಹೋಗುವುದು ಬೇಡವೆಂದು ಗುರುವಾರದ ಆಟಕ್ಕೆ ನಾನೂ ಹೋದೆ.

ಆಟ ಅರ್ಧಕ್ಕೆ ಬಂದಿತ್ತು. ಗೇಟು ತೆರೆಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಕಬ್ಬಿಣದ ಸಲಾಕೆ ಹಿಡಿದು ನುಗ್ಗಿದರು. ಮೊದಲ ಏಟು ಡೋಲು ಬಾರಿಸುತ್ತಿದ್ದವಳ ತಲೆಗೆ. ಅವಳು ಡೋಲಿನ ಮೇಲೇ ಮಗುಚಿಬಿದ್ದಳು. ಸತ್ತವಳ ಪಾತ್ರ ಮಾಡಿ ನೆಲದ ಮೇಲೆ ಮಲಗಿದ್ದ ಹೆಂಗಸನ್ನು ಏಳುವ ಮೊದಲೇ ಬೂಟುಗಾಲಿನಲ್ಲಿ ಒದ್ದರು. ನೋಡುತ್ತಿದ್ದವರಲ್ಲಿ ಕೆಲವರು ಇದೂ ನಾಟಕವೆಂದೇ ನಿಂತಿದ್ದರು. ಚೂಟಿ ಕ್ಯಾಮೆರಾ ಕೆಳಗಿಳಿಸಲಿಲ್ಲ. ಒಬ್ಬ ಅವಳ ಬಲಗೈಯನ್ನು ಗೋಡೆಗೆ ಒತ್ತಿಹಿಡಿದು ಸಲಾಕೆಯಿಂದ ಬಡಿದ. ಒಂದೇ ಸಲವಲ್ಲ. ಮೂಳೆ ಮುರಿದ ಸದ್ದು ಅಷ್ಟು ಗದ್ದಲದಲ್ಲೂ ನನಗೆ ಕೇಳಿಸಿತು. ಕೈಗೆ ಸಿಕ್ಕ ತಗಡಿನ ಕುರ್ಚಿ ಎತ್ತಿ ಅವನ ಬೆನ್ನಿಗೆ ಬಾರಿಸಿದೆ, ಆಮೇಲೆ ತಲೆಗೆ. ಸಾಯಲಿ ಎಂದೇ ಹೊಡೆದೆ ಅಮ್ಮಾ, ನಿನ್ನ ಹತ್ತಿರ ಸುಳ್ಳು ಯಾಕೆ? ಅವನ ಮುಖದ ಬಟ್ಟೆ ಜಾರಿತು. "ಅಕ್ಕಾ, ನೀನ್ಯಾಕೆ ಬಂದೆ ಇಲ್ಲಿಗೆ?" ಎಂದ.

ನಮ್ಮ ಪುಟ್ಟ. ಕಾರ್ಖಾನೆಯ ಕಾವಲಿನವರಿಗೆಲ್ಲ ಮೇಲ್ವಿಚಾರಕನಾದ ಎಂದು ನೀನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಹಿಗ್ಗಿದ ನಿನ್ನ ಕಿರಿಮಗ. ಕಿವಿಯಿಂದ ರಕ್ತ ಸೋರುತ್ತಿತ್ತು. ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದನಲ್ಲ, ಅದೇ ಮುಖ. ಸಲಾಕೆ ಬಿಸಾಡಿ ಓಡಿಹೋದ.

ಡೋಲಿನವಳು ಮರುದಿನ ತೀರಿಕೊಂಡಳು. ಚೂಟಿಯ ಮಣಿಕಟ್ಟಿಗೆ ಸರಳು ಹಾಕಿದ್ದಾರೆ. ಮುಖ್ಯಸ್ಥರು ಆಸ್ಪತ್ರೆಗೇ ಬಂದು "ವಿಷಯ ಬದಲಿಸಿಬಿಡಮ್ಮ" ಎಂದರು. "ನನ್ನನ್ನ ನೋಡೋಕೆ ಬಂದ್ರಾ, ಇದನ್ನ ಹೇಳೋಕೆ ಬಂದ್ರಾ ಸರ್?" ಅಂದಳು ಹುಡುಗಿ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಿನ್ನೆಯಿಂದ ಪ್ರಬಂಧವನ್ನು ಅವಳು ಬಾಯಲ್ಲಿ ಹೇಳುತ್ತಾಳೆ, ಜೊತೆಯ ಸಂಶೋಧಕರು ಸರದಿಯ ಮೇಲೆ ಬಂದು ಟೈಪ್ ಮಾಡುತ್ತಾರೆ. ನಾನು ತಿದ್ದುತ್ತೇನೆ, ಎಲ್ಲರಿಗೂ ಚಹಾ ಕಾಸುತ್ತೇನೆ. ವಿಷಯ ಬದಲಾಗುವುದಿಲ್ಲ.

ಮಾತ್ರೆ ತಪ್ಪಿಸಬೇಡ. ಅಕ್ಕ, ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ನನ್ನ ಮುದ್ದು.

ನಿನ್ನ
ನಡುವಿನ ಮಗಳು

ಮತ್ತೆ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಪೊಲೀಸರಿಗೆ ಪುಟ್ಟನ ಹೆಸರು ಕೊಟ್ಟವಳು ನಾನೇ. ನಿನ್ನೆ ಹಿಡಿದುಕೊಂಡು ಹೋದರು. ನೀನು ಹೊರಟು ಬರುತ್ತೀಯ, ಗೊತ್ತು. ಬಾ. ಹೇಳಿಕೆ ವಾಪಸ್ ತಗೋ ಎಂದು ಮಾತ್ರ ಕೇಳಬೇಡ. ಚೂಟಿ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಅವನು ಯಾರೆಂದು ಅವಳಿಗೂ ಗೊತ್ತು. "ಪಾಪ, ಅಜ್ಜಿಗೆ ಯಾರು ಹೇಳ್ತಾರೆ?" ಎಂದು ಮೊದಲು ಕೇಳಿದವಳೇ ಅವಳು. ನಾನಿಲ್ಲದ ಹೊತ್ತಿನಲ್ಲಿ ಬಂದರೆ ಬಾಗಿಲು ತೆಗೆಯುವವಳೂ ಅವಳೇ. ಎಡಗೈಯಲ್ಲಿ ಚಿಲಕ ತೆಗೆಯಲು ಸ್ವಲ್ಪ ಹೊತ್ತಾಗುತ್ತದೆ. ಕಾದಿರು.