ಮೂರು ಮಿಲಿಮೀಟರ್ ಮುಚ್ಚಳ

ದವಾಖಾನೆಯ ಮೇಲಿನ ಕೋಣೆ,
ಸೋಮವಾರ, ೨೪ನೇ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಸೂಜಿ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಹೇಗಿದ್ದೀಯ, ಮಗಳೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಪರೀಕ್ಷೆಯ ದಿನಗಳಲ್ಲಿ ಮಾಡುತ್ತಿದ್ದಂತೆ ತಟ್ಟೆಯ ಮುಂದೆ ಕುಳಿತು ತುತ್ತುಗಳನ್ನು ಎಣಿಸುತ್ತಿದ್ದೀಯೋ? ನಿನ್ನ ಅಮ್ಮನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡವೆಂದು ಅಕ್ಕ ಹೇಳಿದ್ದಾಳೆಂದು ಹೇಳು. ನನ್ನ ಮಾತನ್ನು ಅವಳು ಚಿಕ್ಕಂದಿನಿಂದಲೂ ಕೇಳಿದವಳಲ್ಲ, ಆದರೂ ಹೇಳು. ನಾನು ಆರೋಗ್ಯವಾಗಿದ್ದೇನೆ. 

ನೀನು ಐದು ದಿನಗಳಿಂದ ಫೋನು ಎತ್ತುತ್ತಿಲ್ಲ. ನಿನ್ನ ಅಮ್ಮ ನಿನ್ನೆ ರಾತ್ರಿ ವಿಷಯವನ್ನೆಲ್ಲ ಹೇಳಿದಳು: ವಿಮಾ ಕಚೇರಿಯ ಕೆಲಸಕ್ಕೆ ಶುಕ್ರವಾರ ಸಹಿ ಹಾಕುತ್ತೀಯಂತೆ, ಒಂದನೇ ತಾರೀಖಿನಿಂದ ಅಲ್ಲಿ ಕುಳಿತು ಇತರರ ಅರ್ಜಿಗಳನ್ನು ತಿದ್ದುತ್ತೀಯಂತೆ, "ಇನ್ನು ನಾನು ಯಾರ ಬಾಯಿಗೂ ಕೈ ಹಾಕಲ್ಲ" ಎಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ನಮ್ಮ ನರ್ಸಕ್ಕ ಐದೂವರೆಯ ಬಸ್ಸಿಗೆ ನಿಮ್ಮ ಊರಿನ ಮೇಲೆ ಹಾದು ತವರಿಗೆ ಹೋಗುತ್ತಿದ್ದಾಳೆ. ಈ ಪತ್ರವನ್ನು ನಿನ್ನ ಕೈಗೇ ಕೊಡಬೇಕೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಅರ್ಧದಲ್ಲಿ ಮಡಿಚಿಡಬೇಡ. ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಹಲ್ಲು ಕಚ್ಚಿಕೊಂಡಾದರೂ ಕೊನೆಯವರೆಗೆ ಓದು.

ಮೊದಲಿನಿಂದಲೇ ಆರಂಭಿಸುತ್ತೇನೆ, ನಡೆದದ್ದನ್ನು ಕ್ರಮವಾಗಿ ಬರೆದರೆ ನನಗೂ ಸ್ಪಷ್ಟವಾದೀತು. ಟೈಲರ್ ಮಾಸ್ತರು ಉದುರಿದ ಮುಂಬದಿಯ ಹಲ್ಲಿನ ಜಾಗವನ್ನು ತೋರಿಸಿಕೊಂಡು ನಮ್ಮಲ್ಲಿಗೆ ಬಂದ ದಿನ ನಿನಗೆ ನೆನಪಿರಬೇಕು. "ಸಣ್ಣ ಡಾಕ್ಟ್ರೇ, ಇದು ನಗೋ ಹಲ್ಲಲ್ಲ, ದಾರ ಕಡಿಯೋ ಹಲ್ಲು. ನಲವತ್ತು ವರ್ಷದ ನನ್ನ ಕತ್ತರಿ ಇದು" ಎಂದಿದ್ದರು. ದವಡೆಯ ಮೂಳೆಯಲ್ಲಿ ಬೇರಿನ ಬದಲು ಇಂಪ್ಲಾಂಟ್ ಎಂಬ ಒಂದು ತಿರುಪನ್ನು ಕೂರಿಸಿ, ಅದು ಮೂಳೆಯೊಡನೆ ಬೆಸೆದ ಮೇಲೆ ಹಲ್ಲನ್ನು ಕಟ್ಟುತ್ತೇವೆಂದು ನೀನು ತಿಳಿಸಿದೆ. ಅಲ್ಲಿಯವರೆಗೆ ತಿರುಪಿನ ಬಾಯಿಗೆ ಏನು ಹಾಕುತ್ತೀರಿ ಎಂದು ಅವರು ಕೇಳಿದಾಗ ನೀನು ಕೊಟ್ಟ ಉತ್ತರವನ್ನು ನಾನು ಪಕ್ಕದ ಕುರ್ಚಿಯ ಬಳಿಯಿಂದಲೇ ಕೇಳಿಸಿಕೊಂಡು ಮನಸ್ಸಿನಲ್ಲೇ ಬೀಗಿದ್ದೆ. ಕವರ್ ಸ್ಕ್ರೂ ಎಂದರೆ ಒಳಹೊಲಿಗೆ. ಚಪ್ಪಟೆಯ ಪುಟ್ಟ ಮುಚ್ಚಳವನ್ನು ಹಾಕಿ ಒಸಡನ್ನು ಅದರ ಮೇಲೆ ಹೊಲಿದುಬಿಡುತ್ತೇವೆ, ಯಾರ ಕಣ್ಣಿಗೂ ಬೀಳದು, ಆದರೆ ಮೂರು ತಿಂಗಳ ನಂತರ ಹೊಲಿಗೆಯ ಜಾಗವನ್ನು ಮತ್ತೆ ಬಿಚ್ಚಬೇಕು. ಹೀಲಿಂಗ್ ಕ್ಯಾಪ್ ಎಂದರೆ ಕಾಜಾ ಹೊಲಿದು ಗುಂಡಿಯನ್ನು ಅದರಲ್ಲೇ ಬಿಟ್ಟ ಹಾಗೆ. ಒಸಡಿನಿಂದ ಸ್ವಲ್ಪ ಹೊರಗೆ ನಿಲ್ಲುತ್ತದೆ, ಒಸಡು ಅದರ ಸುತ್ತ ಅಂದವಾಗಿ ಕೂಡಿಕೊಳ್ಳುತ್ತದೆ, ಎರಡನೆಯ ಸಲ ಕತ್ತರಿಸುವ ಗೋಜಿಲ್ಲ, ಆದರೆ ಹೊರಗಿರುವುದರಿಂದ ಜೋಪಾನ ಬೇಕು. ಮಾಸ್ತರು ಕೂಡಲೇ ಕೈಮುಗಿದು, "ಎರಡನೇ ಸಲ ಬ್ಲೇಡು ಬೇಡ ತಾಯಿ, ಕಾಜಾನೇ ಮಾಡಿ" ಎಂದರು. ದಿನವಿಡೀ ಕತ್ತರಿ ಆಡಿಸುವ ಮನುಷ್ಯ ಬ್ಲೇಡಿಗೆ ಹೆದರುವುದನ್ನು ಕಂಡು ನೀನು ನಕ್ಕೆ.

ನನ್ನ ನಿಯಮ ನಿನಗೆ ಗೊತ್ತು. ಹೊಸಬರ ಕೈಯ ಮೊದಲ ಕೆಲಸವನ್ನು ಮುಚ್ಚಿಯೇ ಹೊಲಿಯಬೇಕು. ಮುಚ್ಚಿಟ್ಟದ್ದಕ್ಕೆ ಪೆಟ್ಟು ಬೀಳುವುದಿಲ್ಲ, ನಾಲಿಗೆ ತಾಗುವುದಿಲ್ಲ. ನಾನು ಹಾಗೆ ಕಲಿತೆ, ಹಾಗೆಯೇ ಹನ್ನೆರಡು ಜನರಿಗೆ ಕಲಿಸಿದೆ. ಅದು ನೀನು ಒಬ್ಬಳೇ ಮಾಡಿದ ಮೊದಲ ಇಂಪ್ಲಾಂಟ್. ಬಿಗಿ ಅಳೆಯುವ ವ್ರೆಂಚು ಮೂವತ್ತೈದು ತೋರಿಸಿತು, ಮೂಳೆ ತಿರುಪನ್ನು ಗಟ್ಟಿಯಾಗಿ ಹಿಡಿದಿತ್ತು, ನೀನು ಕ್ಯಾಪ್ ಸಾಕೆಂದೆ. ನಾನು ನನ್ನ ರೋಗಿಯನ್ನು ಬಿಟ್ಟು ಎರಡು ನಿಮಿಷ ಬಂದು ನೋಡಿ, ತುಟಿ ಬಿಗಿದುಕೊಂಡು "ನಿನ್ನಿಷ್ಟ" ಎಂದು ಹೋದೆ. ಆ ಎರಡು ನಿಮಿಷದ ಮಾತನ್ನು ಸದ್ಯಕ್ಕೆ ಇಲ್ಲಿಗೇ ಬಿಡುತ್ತೇನೆ.

ನಾಲ್ಕು ವಾರಗಳ ನಂತರ, ಕಳೆದ ಬುಧವಾರ, ಮಾಸ್ತರು ಊದಿದ ಒಸಡಿನೊಡನೆ ಬಂದರು. ನಾನೇ ಕನ್ನಡಿ ಹಿಡಿದು ನೋಡಿದೆ. ಮುಟ್ಟಿದರೆ ರಕ್ತ, ಬೆರಳಿಟ್ಟರೆ ಅಲುಗಾಟ. ಎಕ್ಸ್‌ರೇ ಕೂಡ ತೆಗೆಯದೆ ತೀರ್ಪು ಕೊಟ್ಟುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು, ಬಾಗಿಲು ತೆರೆದಿತ್ತು, ನನ್ನ ಧ್ವನಿಯಂತೂ ಬೀದಿಯ ತುದಿಗೆ ಮುಟ್ಟುವಂಥದ್ದು. "ನಾನು ಹೇಳಿರಲಿಲ್ವಾ? ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿದೆಯಲ್ಲ! ಈಗ ಕೂಸೂ ಹೋಯಿತು, ಕುಲಾವಿಯೂ ಹೋಯಿತು" ಎಂದೆ. ಸೋಮವಾರ ಇಂಪ್ಲಾಂಟನ್ನೇ ತೆಗೆಯಬೇಕೆಂದು ಮಾಸ್ತರಿಗೆ ಹೇಳಿ ಔಷಧ ಬರೆದುಕೊಟ್ಟೆ. ನೀನು ಒಂದು ಮಾತೂ ಆಡಲಿಲ್ಲ. ಸಲಕರಣೆಗಳನ್ನು ಒಂದೊಂದಾಗಿ ತೊಳೆದಿಟ್ಟೆ, ಬಿಳಿ ಕೋಟನ್ನು ಮೊಳೆಗೆ ನೇತುಹಾಕಿದೆ, ಸಂಜೆಯ ಬಸ್ಸು ಹತ್ತಿದೆ. ಆ ಕೋಟು ಇನ್ನೂ ಅಲ್ಲೇ ಇದೆ. ಜೇಬಿನಲ್ಲಿ ನಿನ್ನ ಪೆನ್ನು, ಅರ್ಧ ತಿಂದ ಪೆಪ್ಪರಮೆಂಟಿನ ಪೊಟ್ಟಣ. ಯಾರೂ ಅದನ್ನು ಮುಟ್ಟಿಲ್ಲ.

ಈಗ ಇವತ್ತಿನ ಬೆಳಿಗ್ಗೆಗೆ ಬರುತ್ತೇನೆ. ಮಾಸ್ತರು ಹತ್ತು ಗಂಟೆಗೆ ಬಂದು, ಗಲ್ಲಿಗೆ ಹೊರಟವರ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಒರಗಿದರು. "ಸಣ್ಣ ಡಾಕ್ಟ್ರು ಎಲ್ಲಿ?" ಎಂದು ಕೇಳಿದರು. ಊರಿಗೆ ಹೋಗಿದ್ದಾಳೆ ಎಂದೆ. "ನನ್ನಿಂದಾಗಿಯಾ?" ಎಂದರು. ನಾನು ದೀಪವನ್ನು ಕೆಳಗೆಳೆದೆ. ಮೊದಲು ಎಕ್ಸ್‌ರೇ ತೆಗೆದೆ. ತಿರುಪಿನ ಸುತ್ತ ಕಪ್ಪು ಗೆರೆ ಕಾಣಲಿಲ್ಲ. ಆದರೆ ನಾಲ್ಕೈದು ವಾರಗಳ ಮೂಳೆಯ ವಿಷಯದಲ್ಲಿ ಎಕ್ಸ್‌ರೇ ಆಣೆ ಇಟ್ಟು ಹೇಳುವುದಿಲ್ಲವೆಂದು ನಾನೇ ನಿನಗೆ ಕಲಿಸಿದ್ದೇನೆ. ನಿಜವಾದ ಪರೀಕ್ಷೆ ಕ್ಯಾಪನ್ನು ಬಿಚ್ಚುವಾಗಲೇ. ಕ್ಯಾಪ್ ಮಾತ್ರ ತಿರುಗಿ ಬಂದರೆ ಇಂಪ್ಲಾಂಟ್ ಉಳಿಯಿತು. ಕ್ಯಾಪಿನ ಜೊತೆಗೆ ಅದೂ ತಿರುಗಿದರೆ ಎಲ್ಲವೂ ಮುಗಿಯಿತು, ಹಳ್ಳಕ್ಕೆ ಹತ್ತಿ ತುಂಬಿ ಮನೆಗೆ ಕಳಿಸಬೇಕು. ಕೈತಿರುಪುಳಿ ಜಾರಿ ಗಂಟಲಿಗೆ ಬೀಳದಿರಲೆಂದು ಅದಕ್ಕೆ ದಾರ ಕಟ್ಟಿದೆ. ಮಾಸ್ತರು ಬಾಯಿ ತೆರೆದುಕೊಂಡೇ, "ನಿಮ್ಮದೂ ದಾರದ ಕಸುಬೇ" ಎಂಬಂಥ ಏನನ್ನೋ ಗೊಣಗಿದರು. ನರ್ಸಕ್ಕ ನಗಲಿಲ್ಲ, ನಾನೂ ನಗಲಿಲ್ಲ.

ಮೂವತ್ತು ವರ್ಷಗಳಲ್ಲಿ ಎಷ್ಟು ಕ್ಯಾಪುಗಳನ್ನು ಬಿಚ್ಚಿದ್ದೇನೋ ಲೆಕ್ಕವಿಟ್ಟಿಲ್ಲ. ಇವತ್ತು ಎರಡು ಬೆರಳುಗಳ ನಡುವೆ ತಿರುಪುಳಿಯನ್ನು ಹಿಡಿದು, ಕಾಲು ಸುತ್ತು ತಿರುಗಿಸಲು ಧೈರ್ಯ ಸಾಲದೆ, ಒಮ್ಮೆ ಕೈ ಹಿಂದಕ್ಕೆ ತೆಗೆದುಕೊಂಡೆ. ನರ್ಸಕ್ಕ ನನ್ನನ್ನೇ ನೋಡುತ್ತಿದ್ದಳು. ಮತ್ತೆ ಹಿಡಿದೆ. ಕಾಲು ಸುತ್ತು. ಅರ್ಧ ಸುತ್ತು. ಮಾಸ್ತರ ಮುಖದಲ್ಲಿ ನೋವಿನ ಗೆರೆ ಮೂಡಲಿಲ್ಲ. ಮುಕ್ಕಾಲು ಸುತ್ತಿಗೆ ಕ್ಯಾಪ್ ತಾನಾಗಿಯೇ ಸಡಿಲವಾಗಿ ಕಳಚಿಕೊಂಡು ಬಂತು. ಒಳಗೆ ನಿನ್ನ ಇಂಪ್ಲಾಂಟ್ ಕೂತಲ್ಲೇ ಕೂತಿತ್ತು, ಸೂಜಿ. ಕನ್ನಡಿಯ ಹಿಡಿಯಿಂದ ಮೆಲ್ಲನೆ ತಟ್ಟಿದೆ. ಕಲ್ಲಿನ ಮೇಲೆ ಉಗುರು ತಟ್ಟಿದಂಥ ಗಟ್ಟಿ ದನಿ. ಎರಡನೆಯ ಸಲ ತಟ್ಟಿದ್ದು ಪರೀಕ್ಷೆಗಲ್ಲ, ಆ ದನಿಯನ್ನು ಮತ್ತೊಮ್ಮೆ ಕೇಳುವ ಆಸೆಗೆ.

ಹಾಗಾದರೆ ಒಸಡು ಊದಿದ್ದೇಕೆ? ಕ್ಯಾಪನ್ನು ಬಟ್ಟಲಿಗೆ ಹಾಕಿ ದೀಪದಡಿ ಹಿಡಿದೆ. ಅದರ ಕುತ್ತಿಗೆಗೆ, ಒಸಡಿನೊಳಗೆ ಹುದುಗಿದ್ದ ಭಾಗಕ್ಕೆ, ಒಂದು ನೀಲಿ ನೂಲಿನ ಎಳೆ ಮೂರು ಸುತ್ತು ಸುತ್ತಿಕೊಂಡಿತ್ತು. ಬಟ್ಟಲನ್ನು ಮಾಸ್ತರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿ ನೋಡಿ, ತೆಗೆದು, ಮತ್ತೆ ಹಾಕಿಕೊಂಡರು. "ಶಾಲೆ ಸಮವಸ್ತ್ರದ ದಾರ" ಎಂದರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ. ಇನ್ನೂರು ಅಂಗಿಗಳ ತುರ್ತು ಕೆಲಸವಂತೆ. ಕತ್ತರಿಗೆ ಕೈ ಚಾಚುವುದು ಅವರ ಅಭ್ಯಾಸದಲ್ಲೇ ಇಲ್ಲ. ಹೊರಗೆ ನಿಂತಿದ್ದ ಕ್ಯಾಪಿನ ಅಂಚು ಹಲ್ಲಿನ ಹಾಗೆಯೇ ಸಿಕ್ಕಿದ್ದರಿಂದ, ದಾರವನ್ನು ಅದಕ್ಕೆ ಸಿಕ್ಕಿಸಿ, ಕೆಳಗಿನ ಹಲ್ಲಿನಿಂದ ಒತ್ತಿ, ಎಳೆದು ಹರಿಯುತ್ತಿದ್ದರು. "ಸಣ್ಣ ಡಾಕ್ಟ್ರು ಹೇಳಿದ್ರು, ಅದರ ಮೇಲೆ ಏನೂ ಕಡೀಬೇಡಿ ಅಂತ. ನಾನು ಕಡೀಲಿಲ್ಲ, ಬರೀ ಎಳೆದೆ" ಎಂದು ಸಮಜಾಯಿಷಿ ಕೊಟ್ಟರು. ಆಮೇಲೆ ತಾವೇ, "ಅಂದ್ರೆ ಕೂಸು ಗಟ್ಟಿಯಾಗೇ ಇದೆ, ಕುಲಾವಿ ಮಾತ್ರ ಸಡಿಲ ಆಗಿದ್ದು. ಹೌದಲ್ವಾ ಡಾಕ್ಟ್ರಮ್ಮ?" ಎಂದರು. ಬುಧವಾರ ನಾನು ಆಡಿದ್ದು ಅವರಿಗೆ ಪ್ರತಿ ಅಕ್ಷರವೂ ನೆನಪಿತ್ತು.

ಗಾಯವನ್ನು ತೊಳೆದು ಶುಚಿ ಮಾಡಿದ ಮೇಲೆ ತಟ್ಟೆಯಲ್ಲಿ ಎರಡು ಪುಟ್ಟ ಡಬ್ಬಿಗಳನ್ನು ಇಟ್ಟುಕೊಂಡು ಕುಳಿತೆ. ಒಂದರಲ್ಲಿ ಕವರ್ ಸ್ಕ್ರೂ, ಇನ್ನೊಂದರಲ್ಲಿ ಹೊಸ ಕ್ಯಾಪ್. ನನ್ನ ನಿಯಮದಂತೆ ಮುಚ್ಚಿ ಹೊಲಿದುಬಿಟ್ಟರೆ ದಾರವೂ ತಾಗದು, ಬೈಗುಳವೂ ಬಾರದು. ಆದರೆ ನಾಲ್ಕು ವಾರಗಳಿಂದ ಕ್ಯಾಪಿನ ಸುತ್ತ ತಾನಾಗಿ ದುಂಡಗೆ ಬೆಳೆದಿದ್ದ ಒಸಡನ್ನು ಎಳೆದು ಹೊಲಿಯಬೇಕು, ಮುಂದೆ ಮತ್ತೆ ಕತ್ತರಿಸಬೇಕು, ಆ ಮನುಷ್ಯ ಮತ್ತೊಮ್ಮೆ ಬ್ಲೇಡಿನಡಿ ಕಣ್ಣು ಮುಚ್ಚಬೇಕು. ಯಾವ ಮುಚ್ಚಳ ಒಳ್ಳೆಯದೆಂದು ಕೇಳುವುದೇ ತಪ್ಪು, ಯಾವ ಬಾಯಿಗೆ ಯಾವುದೆಂದು ಕೇಳಬೇಕು: ಮೂಳೆ ಮೆತ್ತಗಿದ್ದರೆ, ಹಿಡಿತ ಸಾಲದಿದ್ದರೆ ಮುಚ್ಚಿಡು, ಗಟ್ಟಿಯಿದ್ದರೆ ತೆರೆದಿಡು, ಆದರೆ ಆ ಬಾಯಿಯ ಒಡೆಯ ದಿನವಿಡೀ ಏನು ಮಾಡುತ್ತಾನೆಂದು ಮೊದಲು ಕೇಳಿಕೋ. ಮೊದಲನೆಯದನ್ನು ನೀನು ಸರಿಯಾಗಿ ನೋಡಿದ್ದೆ. ಎರಡನೆಯದನ್ನು ನಾವಿಬ್ಬರೂ ಅರ್ಧ ಮಾತ್ರ ಕೇಳಿಸಿಕೊಂಡೆವು. "ದಾರ ಕಡಿಯೋ ಹಲ್ಲು" ಎಂದು ಅವರು ಮೊದಲ ದಿನವೇ ಹೇಳಿದ್ದರಲ್ಲ. ಕೊನೆಗೆ ನಿನ್ನ ಕೇಸ್ ಹಾಳೆಯನ್ನು ತರಿಸಿ, ನೀನು ಬರೆದಿದ್ದ ಅಳತೆಯ ಕ್ಯಾಪನ್ನೇ ಹಾಕಿದೆ, ಒಸಡಿನ ಅಂಚಿಗೆ ಸಮವಾಗಿ ನಿಲ್ಲುವಂಥದ್ದನ್ನು. ನರ್ಸಕ್ಕ ಒಂದು ಸಣ್ಣ ಕತ್ತರಿಗೆ ಟೇಪು ಕಟ್ಟಿ ಮಾಸ್ತರ ಕೊರಳಿಗೆ ಹಾಕಿ, "ಇನ್ನು ಇದೇ ನಿಮ್ಮ ಹಲ್ಲು" ಎಂದು ಗದರಿಸಿದಳು. ಅವರು ಅದನ್ನು ಪದಕದ ಹಾಗೆ ಹಾಕಿಕೊಂಡು ಮೆಟ್ಟಿಲಿಳಿದರು.

ನಿನ್ನ ಕೈಗಳಲ್ಲಿ ನನಗಿರುವ ನಂಬಿಕೆಯನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹೊಗಳಿದರೆ ಹುಡುಗರು ಹಾಳಾಗುತ್ತಾರೆಂಬುದು ನಮ್ಮ ಕಾಲದ ಮೌಢ್ಯ. ಎಂಟು ವರ್ಷದವಳಿದ್ದಾಗ ನೀನು ನನ್ನ ಮೇಜಿನ ಕೆಳಗೆ ಕುಳಿತು ಹರಿದ ಗೊಂಬೆಯ ಬಾಯಿಯನ್ನು ಹೊಲಿದೆ. ಹೊಲಿಗೆಗಳು ಎಷ್ಟು ಸಮವಾಗಿದ್ದವೆಂದರೆ, ಅಂದಿನಿಂದಲೇ ನಿನ್ನನ್ನು ಸೂಜಿ ಎಂದು ಕರೆದೆ. ಮೊನೆ ಚೂಪಾಗಿರುವುದಕ್ಕಲ್ಲ, ದಾರಿ ತಪ್ಪದಿರುವುದಕ್ಕೆ. ನಿನ್ನ ಅಮ್ಮನಿಗೆ ನನ್ನ ಪ್ರೀತಿಯನ್ನು ತಿಳಿಸು. ನಿನಗೆ ಒಳ್ಳೆಯದಾಗಲಿ, ಕೈಗೆ ಹಿಡಿತ ಬರಲಿ, ಮನಸ್ಸಿಗೆ ನೆಮ್ಮದಿ ಬರಲಿ.

ಸದಾ ನಿನ್ನ ಒಳಿತನ್ನು ಬಯಸುವ,
ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ. ಇಷ್ಟು ಹಾಳೆ ತುಂಬಿಸಿದೆ, ಬರೆಯಬೇಕಾದದ್ದನ್ನು ಬರೆಯಲಿಲ್ಲ. ನರ್ಸಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕೇಸ್ ಹಾಳೆಯಲ್ಲಿ ನಿನ್ನ ಅಕ್ಷರದಲ್ಲಿ "ಕ್ಯಾಪ್, ಮೂರು ಮಿಲಿಮೀಟರ್" ಎಂದಿದೆ. ಅದರ ಕೆಳಗೆ ಅಂಟಿಸಿದ ಪೊಟ್ಟಣದ ಚೀಟಿಯಲ್ಲಿ ಐದು ಎಂದಿದೆ. ಇದೇನೆಂದು ಇವಳನ್ನು ಕೇಳಿದೆ. "ಮರೆತುಬಿಟ್ರಾ ಮೇಡಂ? ಅವತ್ತು ನೀವೇ ಬಂದು, ಗಿಡ್ಡದ್ದು ಒಸಡಲ್ಲಿ ಮುಳುಗಿಹೋಗುತ್ತೆ ಅಂತ ಡ್ರಾಯರಿನಿಂದ ಉದ್ದದ್ದು ತೆಗೆದುಕೊಟ್ರಿ. ಮೂರೇ ಸಾಕಲ್ವಾ ದೊಡ್ಡಮ್ಮ ಅಂತ ಅವಳು ಎರಡು ಸಲ ಕೇಳಿದ್ಲು" ಎಂದಳು. ಆ ಎರಡು ನಿಮಿಷದಲ್ಲಿ ನಾನು ಮಾಡಿದ್ದು ಅದೇ. ಮೂರರದ್ದು ಒಸಡಿಗೆ ಸಮವಾಗಿರುತ್ತಿತ್ತು, ದಾರಕ್ಕೆ ಅಂಚೇ ಸಿಗುತ್ತಿರಲಿಲ್ಲ. ಕುಲಾವಿಯ ಅಳತೆ ತಪ್ಪಿಸಿದವಳು ನಾನು. ಬುಧವಾರ ಅಷ್ಟು ಜನರ ಮುಂದೆ ಬೈದಾಗಲೂ ನಿನಗೆ ಅದು ಗೊತ್ತಿತ್ತು. ನನ್ನ ಮಾನ ಉಳಿಸಲು ಬಾಯಿ ಮುಚ್ಚಿಕೊಂಡೆ. ತಪ್ಪು ನನ್ನದು, ಮಗಳೇ. ಹಾಳೆಯಲ್ಲಿ ಚೀಟಿಯ ಪಕ್ಕದಲ್ಲೇ ಹಾಗೆಂದು ಬರೆದು ಸಹಿ ಹಾಕಿದ್ದೇನೆ. ಮಾಸ್ತರಿಗೆ ಗುರುವಾರ ಹತ್ತು ಗಂಟೆಗೆ ಬರಲು ಹೇಳಿದ್ದೇನೆ. ಬಾಗಿಲು ತೆರೆದಿಟ್ಟು, ಬೆಂಚಿನಲ್ಲಿ ಯಾರಿದ್ದರೂ ಸರಿ, ಅದೇ ಧ್ವನಿಯಲ್ಲಿ ಇದನ್ನು ಹೇಳುತ್ತೇನೆ. ಶುಕ್ರವಾರದ ಸಹಿಯನ್ನು ನೀನು ಹಾಕುವುದಾದರೂ ಹಾಕು, ನಾನು ತಡೆಯಲಾರೆ. ಆದರೆ ಅದಕ್ಕೆ ಮುಂಚೆ ಗುರುವಾರ ಬಂದು ಕೇಳಿಸಿಕೋ. ಕೋಟು ಮೊಳೆಯಲ್ಲೇ ಇದೆ.