ಬೆನ್ನ ಹಿಂದಿನ ಅಂಗೈ

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ
ಬುಧವಾರ, ಮಧ್ಯಾಹ್ನ

ಈ ಕಾಗದ ಮೊದಲು ಯಾರ ಕೈಗೆ ಹೋಗುತ್ತದೆಂದು ನನಗೆ ಗೊತ್ತು. ಹೃಷಿಕೇಶ, ನೀನೇ. ಕಾಲಿನ ಮೇಲೆ ಕಾಲು ಹಾಕಿಕೊಂಡು ಓದಬೇಡ, ನೆಟ್ಟಗೆ ಕೂರು. ಚಹಾದ ಲೋಟವನ್ನು ಇದರ ಮೇಲೆ ಇಡಬೇಡ. ಮೇಲಿನ ಮನೆಯಲ್ಲಿದ್ದೀಯ, ಮೈಸೂರಿನವ, ಬ್ಯಾಂಕಿನಲ್ಲಿ ದಿನವಿಡೀ ಇಂಗ್ಲಿಷ್ ಬರೆಯುತ್ತೀಯ ಎಂದು ಇದನ್ನು ಇಂಗ್ಲಿಷಿಗೆ ತಿರುಗಿಸಲು ಕೊಡುತ್ತಿದ್ದೇನೆಯೇ ಹೊರತು ನಿನ್ನ ಬುದ್ಧಿಗೆ ಮೆಚ್ಚಿ ಅಲ್ಲ. ‘ಆಗುವುದಿಲ್ಲ’ ಎನ್ನುವುದನ್ನೂ ವಂದನೆಗಳೊಂದಿಗೆ ಬರೆಯುವ ಜಾತಿ ನಿಮ್ಮದು. ಇಲ್ಲಿ ಆ ನಯ ಬೇಡ. ನಾನು ಸುಳ್ಳು ಎಂದು ಬರೆದ ಕಡೆ ನೀನೂ ಸುಳ್ಳು ಎಂದೇ ಬರೆಯಬೇಕು. ಪಾಪ, ಅಜ್ಜಿಗೆ ವಯಸ್ಸಾಯಿತು ಎಂದು ನಿನ್ನದೊಂದು ಸಾಲು ಸೇರಿಸಿದ್ದು ಗೊತ್ತಾದರೆ ಈ ಮನೆಯಲ್ಲಿ ನಿನಗೆ ಇನ್ನು ಪತ್ರೊಡೆ ಇಲ್ಲ. ನಿನಗೆ ಹೇಳಬೇಕಾದದ್ದು ಇಷ್ಟೇ. ಮುಂದಿನದು ನಿನ್ನದಲ್ಲ.

ಲೆಂಕಾ, ನನ್ನ ಕೂಸೇ,

ನಿನ್ನ ದೇಶದಲ್ಲಿ ಈಗ ಬೆಳಗೋ ಮಧ್ಯಾಹ್ನವೋ ನನಗೆ ತಿಳಿಯದು. ಕುಂಬಳೆಯ ಹತ್ತಿರದ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕಲಿತವಳು ನಾನು. ಮಗಳು ಶಾಲಿನಿಗೆ ಇಲ್ಲಿಯ ಕಸ್ಟಮ್ಸ್ ಆಫೀಸಿನಲ್ಲಿ ಕೆಲಸವಾದಾಗ ಅವಳ ಕೂಸನ್ನು ನೋಡಿಕೊಳ್ಳಲು ಬಂದೆ. ಆ ಕೂಸೇ ನಿನ್ನ ಜೊತೆಗಾತಿ ನವ್ಯಾ. ಬಂದವಳು ಇಪ್ಪತ್ತೇಳು ವರ್ಷ ಇಲ್ಲೇ ಉಳಿದೆ. ಊರಿಗೆ ನಾಲ್ಕು ಸಾಲು ಬರೆಯುವುದು ಬಿಟ್ಟರೆ ಇಷ್ಟುದ್ದದ ಕಾಗದವನ್ನು ನಾನು ಯಾರಿಗೂ ಬರೆದದ್ದಿಲ್ಲ. ಬರೆಯಬೇಕಾಗಿ ಬಂದದ್ದು ನಾನು ನಿನಗೆ ಮಾಡಿದ ಕೇಡಿನಿಂದ.

ನೀನು ನಮ್ಮ ಕ್ವಾರ್ಟರ್ಸಿಗೆ ಬಂದದ್ದು ಎರಡು ವರ್ಷದ ಹಿಂದೆ, ತಿರುವನಂತಪುರದ ಪಂದ್ಯಕ್ಕೆ ಮೂರು ವಾರ ಮೊದಲು. ಬಾಗಿಲು ತುಂಬುವಷ್ಟು ಎತ್ತರದವಳು, ಮೊಣಕಾಲಿಗೆ ಪಟ್ಟಿ, ಬೆನ್ನಿಗೆ ನಮ್ಮ ಅಕ್ಕಿ ಮೂಟೆಯಷ್ಟು ದೊಡ್ಡ ಚೀಲ. ಇವಳಿಗೆ ಎಷ್ಟು ನೀರುದೋಸೆ ಹೊಯ್ಯಬೇಕಪ್ಪಾ ಎಂಬುದೇ ನನಗೆ ಮೊದಲು ಬಂದ ಯೋಚನೆ. ಹದಿನಾಲ್ಕು. ಲೆಕ್ಕ ಇಟ್ಟಿದ್ದೆ.

ಅಡುಗೆಮನೆಯ ಮಣೆಯ ಮೇಲೆ ಮೊಣಕಾಲು ಚಾಚಿ ಕೂತು ನೀನು ನಿನ್ನ ಕತೆ ಹೇಳಿದ್ದು ನೆನಪಿದೆ. ನೀನು ಇಂಗ್ಲಿಷಿನಲ್ಲಿ ಹೇಳುವುದು, ನವ್ಯಾ ಮಲಯಾಳದಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಮರುಗುವುದು. ನಿನ್ನ ಅಪ್ಪ ಬ್ರನೋ ಪಟ್ಟಣದಲ್ಲಿ ಟ್ರಾಮ್ ಓಡಿಸುತ್ತಿದ್ದರು. ಕೆಲಸ ಮುಗಿಸಿ ಬಂದು ಗ್ಯಾರೇಜಿನ ಗೋಡೆಗೆ ಟೆನಿಸ್ ಚೆಂಡು ಹೊಡೆಸುತ್ತಿದ್ದರು. ಮೊದಲು ನೀನೊಬ್ಬಳೇ ಆಡುತ್ತಿದ್ದೆ. ಇಪ್ಪತ್ತನಾಲ್ಕಕ್ಕೆ ಮೊಣಕಾಲು ಕೊಯ್ಯಿಸಿದ ಮೇಲೆ ಅಂಗಳವಿಡೀ ಓಡಲಾಗದೆ ಡಬಲ್ಸಿಗೆ ಬಂದೆ. ಅರ್ಧ ಅಂಗಳ ನಿನ್ನದು, ಅರ್ಧ ಜೊತೆಗಾತಿಯದು. ಒಂಬತ್ತು ವರ್ಷದಲ್ಲಿ ಹನ್ನೊಂದು ಜೊತೆ ಎಂದೆ. ‘ನಮ್ಮ ಊರಿನಲ್ಲಾದರೆ ಇಷ್ಟೊತ್ತಿಗೆ ನಿನ್ನ ಹೆಸರು ಮೂರು ಗ್ರಾಮದಲ್ಲಿ ಕೆಟ್ಟಿರುತ್ತಿತ್ತು ಮಾರಾಯ್ತಿ’ ಎಂದು ನಾನು ಅಂದದ್ದನ್ನು ನವ್ಯಾ ಹೇಗೆ ಹೇಳಿದಳೋ, ನೀನು ನಕ್ಕು ನಕ್ಕು ಮಣೆಯಿಂದ ಜಾರಿದೆ. ನಗು ನಿಂತ ಮೇಲೆ ನೀನು ಅಂದದ್ದೂ ನೆನಪಿದೆ: ‘ಹನ್ನೊಂದನೆಯವಳು ಸಿಗಬೇಕಾದರೆ ಹತ್ತು ಜನ ಬಿಟ್ಟುಹೋಗಬೇಕಿತ್ತು ಅಜ್ಜಿ.’ ಹನ್ನೊಂದನೆಯವಳು ನನ್ನ ನವ್ಯಾ.

ಐಲ್ಯಾಂಡಿನ ಆ ಹಳೆಯ ಕೋರ್ಟಿನ ಪಕ್ಕದ ಸಿಮೆಂಟು ಬೆಂಚಿನಲ್ಲಿ ನಾನು ಹದಿನೈದು ವರ್ಷ ಕೂತಿದ್ದೇನೆ. ಕೂಸಿನ ನೀರಿನ ಬಾಟಲಿ, ಟವೆಲು, ಬೈಗುಳ, ಮೂರೂ ನನ್ನ ಹತ್ತಿರವೇ ಇರುತ್ತಿದ್ದವು. ಆದರೂ ಆಟ ಎಂಥದ್ದೆಂದು ನನಗೆ ತಿಳಿಸಿದವಳು ನೀನು. ನವ್ಯಾ ಹಿಂದೆ ನಿಂತು ಚೆಂಡು ಎತ್ತಿ ಹೊಡೆಯುವ ಮೊದಲು, ಬಲೆಯ ಹತ್ತಿರ ಬಗ್ಗಿ ನಿಂತ ನೀನು ಎದುರಿನವರಿಗೆ ಕಾಣದಂತೆ ಬೆನ್ನ ಹಿಂದೆ ಕೈ ಹಿಡಿಯುತ್ತಿದ್ದೆ. ಮುಷ್ಟಿ ಕಟ್ಟಿದರೆ ‘ನಾನು ಇಲ್ಲೇ ನಿಲ್ಲುತ್ತೇನೆ’. ಅಂಗೈ ತೆರೆದರೆ ‘ನಾನು ಆ ಕಡೆ ಹಾರುತ್ತೇನೆ, ಬಿಟ್ಟ ಜಾಗ ನಿನ್ನದು’. ನನ್ನ ಮುದಿ ಕೈಯನ್ನು ಬೆನ್ನ ಹಿಂದೆ ಹಿಡಿಸಿ ನೀನೇ ಕಲಿಸಿದೆ. ಆಮೇಲೆ ಅಡುಗೆಮನೆಯಲ್ಲಿ ನಾನು ಮುಷ್ಟಿ ತೋರಿಸಿದರೆ ನೀನು ಒಲೆಯ ಹತ್ತಿರ ಬರುತ್ತಿರಲಿಲ್ಲ.

ಅಲ್ಲಿಂದಲೇ ನನ್ನ ಹೊಟ್ಟೆಯಲ್ಲಿ ಹುಳಿ ಹುಟ್ಟಿದ್ದು. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನಾನು ಎತ್ತಿ ಆಡಿಸಿದ ಕೂಸು ನನ್ನ ಕನ್ನಡವನ್ನು ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರಿಸುತ್ತದೆ. ನಾನು ಹತ್ತು ಮಾತಾಡಿದರೆ ಅವಳು ಒಂದು. ನಿನಗೋ, ಒಂದು ಮಾತೂ ಬೇಕಾಗಿರಲಿಲ್ಲ. ನಿನ್ನ ಬೆನ್ನ ಹಿಂದಿನ ಒಂದು ಕೈಯನ್ನು ನೋಡಿ ಅವಳು ಅಷ್ಟು ನಂಬಿಕೆಯಿಂದ ಆಡುತ್ತಿದ್ದಳು. ನನ್ನ ಮುಖವನ್ನು ಅವಳು ಹಾಗೆ ಎಂದಾದರೂ ನೋಡಿದ್ದಾಳೆಯೇ ಎಂದು ಆ ಬೆಂಚಿನಲ್ಲಿ ಕೂತು ಕೇಳಿಕೊಂಡೆ.

ತಿರುವನಂತಪುರದಿಂದ ಗುರುವಾರ ಅವಳ ಫೋನು ಬಂತು. ಸೆಮಿಫೈನಲ್ ಶುಕ್ರವಾರ, ಫೈನಲ್ ಶನಿವಾರ. ಗೆದ್ದರೆ ಆಟಗಾರರ ಪಟ್ಟಿಯಲ್ಲಿ ಇಬ್ಬರ ಸ್ಥಾನ ಸೇರಿಸಿ ಪ್ಯಾರಿಸಿನ ದೊಡ್ಡ ಪಂದ್ಯಕ್ಕೆ ಹೆಸರು ಹೋಗುತ್ತದೆ ಎಂದಳು. ನಿನಗೆ ಅದು ಮೊದಲ ಸಲ, ಮೂವತ್ತಮೂರರಲ್ಲಿ. ಅದು ನನ್ನ ಕಿವಿಗೆ ಬಿದ್ದು ಹೋಯಿತು. ನಿಂತದ್ದು ಮುಂದಿನ ಮಾತು: ‘ಆಮೇಲೆ ಆರು ತಿಂಗಳು ಲೆಂಕಾಳ ಊರಲ್ಲೇ ಅಜ್ಜಿ, ಅವಳ ಅಮ್ಮ ನನಗೊಂದು ಕೋಣೆ ಖಾಲಿ ಮಾಡಿಟ್ಟಿದ್ದಾರೆ.’ ಯಾರೋ ಒಬ್ಬಳು, ನಾನು ಮುಖ ನೋಡದವಳು, ನನ್ನ ಕೂಸಿಗೆ ಹಾಸಿಗೆ ಹಾಸಿಟ್ಟಿದ್ದಾಳೆ.

ಶುಕ್ರವಾರ ನೀವು ಗೆದ್ದಿರಿ. ಶನಿವಾರ ಬೆಳಿಗ್ಗೆ ಶಾಲಿನಿ ವಲ್ಲಾರ್ಪಾಡಂನ ಡ್ಯೂಟಿಗೆ ಹೊರಟು ನಿಂತಿದ್ದಳು. ನಾನು ಎದೆ ಹಿಡಿದುಕೊಂಡು ಕೂತೆ. ನೋವು ಇರಲಿಲ್ಲ ಲೆಂಕಾ. ಒಂದು ಸಾಸಿವೆಯಷ್ಟೂ ಇರಲಿಲ್ಲ. ಶಾಲಿನಿ ಹೆದರಿ ಕಾರು ತರಿಸಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಾನೇ ಫೋನು ಕೇಳಿ ತೆಗೆದುಕೊಂಡು ನವ್ಯಾಳಿಗೆ ಹೇಳಿದೆ, ‘ಎದೆ ಹಿಂಡುತ್ತದೆ ಮಗಾ, ನಿನ್ನನ್ನೊಮ್ಮೆ ನೋಡಬೇಕು’ ಎಂದು. ಅವಳು ಎಂಥದ್ದನ್ನೂ ಕೇಳಲಿಲ್ಲ. ‘ವರುನ್ನು ಅಜ್ಜೀ’ ಎಂದಳು. ಬರುತ್ತೇನೆ ಎಂದು.

ನನ್ನ ಮೂರ್ಖತನವನ್ನೂ ಹೇಳುತ್ತೇನೆ. ತಪ್ಪಿಸಿಕೊಳ್ಳಲು ಅಲ್ಲ, ನಿನಗೆ ತಿಳಿದಿರಲಿ ಎಂದು. ನನ್ನ ಗಂಡ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದರು. ಅವರಿಗೆ ಜ್ವರ ಬಂದರೆ ಇನ್ನೊಬ್ಬ ಬಂದು ಚೆಂಡೆಗೆ ಹೆಗಲು ಕೊಡುತ್ತಿದ್ದ. ವೇಷದವನು ಬಾರದಿದ್ದರೆ ಇನ್ನೊಬ್ಬ ಗೆಜ್ಜೆ ಕಟ್ಟುತ್ತಿದ್ದ. ಆಟ ನಿಂತದ್ದನ್ನು ನಾನು ಕಂಡೇ ಇಲ್ಲ. ನಿಮ್ಮದೂ ಹಾಗೆ ಎಂದುಕೊಂಡೆ. ನವ್ಯಾ ಬಂದರೆ ಅಲ್ಲಿ ಬೇರೆ ಹುಡುಗಿಯನ್ನು ಇಳಿಸುತ್ತಾರೆ, ಲೆಂಕಾ ಗೆಲ್ಲುತ್ತಾಳೆ, ಪ್ಯಾರಿಸಿಗೆ ಹೋಗುತ್ತಾಳೆ, ನನ್ನ ಕೂಸು ನನ್ನ ಹತ್ತಿರ ಇರುತ್ತದೆ. ಒಬ್ಬಳು ಹೊರಟರೆ ಇಬ್ಬರದೂ ಮುಗಿಯಿತು, ಆಡದೆಯೇ ಸೋತ ಹಾಗೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ತಿಳಿಸಿದ್ದೂ ನೀನೇ.

ಸಂಜೆ ನವ್ಯಾಳ ಹಿಂದೆಯೇ ನೀನೂ ಬಂದೆಯಲ್ಲ. ಅದನ್ನು ನಾನು ಎಣಿಸಿರಲಿಲ್ಲ. ಸಿಟ್ಟಿನಿಂದ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಹಿಂದಿನ ದಿನ ಚಾಲೈ ಪೇಟೆಯಲ್ಲಿ ನನಗೆಂದು ಕೊಂಡಿದ್ದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ರಾಕೆಟ್ಟುಗಳ ನಡುವಿನಿಂದ ತೆಗೆದೆ. ರೈಲಿನಲ್ಲಿ ಎರಡು ನಜ್ಜುಗುಜ್ಜಾಗಿದ್ದವು. ಅವೆರಡನ್ನು ನೀನು ತಿಂದು ಒಳ್ಳೆಯದನ್ನು ನನಗೆ ಸುಲಿದು ಕೊಟ್ಟೆ. ಪಂದ್ಯ ಏನಾಯಿತು ಎಂದು ಕೇಳಿದೆ. ‘ಇಬ್ಬರಿಲ್ಲದೆ ಆಟವಿಲ್ಲ ಅಜ್ಜಿ, ಇನ್ನೊಂದು ಪಂದ್ಯ ಬರುತ್ತದೆ, ಇನ್ನೊಬ್ಬ ಅಜ್ಜಿ ಬರುವುದಿಲ್ಲ’ ಎಂದೆ. ಅದನ್ನು ನವ್ಯಾ ಮಲಯಾಳಕ್ಕೆ ತಿರುಗಿಸಿದಳು. ನಾನು ಬಾಳೆಹಣ್ಣು ನುಂಗಿದೆ. ನುಂಗಿದೆನಲ್ಲ, ಅದೇ ನನಗೆ ಇವತ್ತಿಗೂ ಅರಗದ್ದು. ಆಗಲೇ ಬಾಯಿ ಬಿಟ್ಟಿದ್ದರೆ ಉಳಿದದ್ದನ್ನಾದರೂ ಉಳಿಸಬಹುದಿತ್ತು.

ಹೊರಡುವಾಗ ನೀನು ನನಗೆ ಬೆನ್ನು ಹಾಕಿ ಬಾಗಿಲಲ್ಲಿ ಡಾಕ್ಟರರೊಂದಿಗೆ ಮಾತಾಡುತ್ತಿದ್ದೆ. ಮಾತಾಡುತ್ತಲೇ ಬೆನ್ನ ಹಿಂದೆ ಕೈ ತಂದು ಮುಷ್ಟಿ ಕಟ್ಟಿ ತೋರಿಸಿದೆ. ನಾನು ಇಲ್ಲೇ ಇದ್ದೇನೆ ಎಂದು. ನಾನು ಗೋಡೆಯ ಕಡೆ ಹೊರಳಿದೆ. ನೋವು ಜಾಸ್ತಿಯಾಯಿತೆಂದು ನರ್ಸು ಓಡಿ ಬಂದಳು.

ಡಾಕ್ಟರರು ಏನೂ ಇಲ್ಲ ಎಂದರು. ಆದರೆ ವಯಸ್ಸಾದವರು, ಜಾಗ್ರತೆ ಎಂದೂ ಅಂದರು. ನವ್ಯಾ ಎರಡನೆಯದನ್ನು ಮಾತ್ರ ಕೇಳಿಸಿಕೊಂಡಳು. ಯುರೋಪು ಬೇಡ ಎಂದಳು. ಈಗ ಅದೇ ಹಳೆಯ ಕೋರ್ಟಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಪ್ಯಾರಿಸಿಗೆ ಹೆಸರು ಒಂದೇ ಒಂದು ಜೋಡಿಯ ಅಂತರದಲ್ಲಿ ತಪ್ಪಿತು, ಹನ್ನೆರಡನೆಯವಳನ್ನು ಹುಡುಕದೆ ಲೆಂಕಾ ಊರಿಗೆ ಹೋದಳು, ಮೊಣಕಾಲು ಮತ್ತೆ ಕೊಯ್ಯಿಸಿದಳು, ಗ್ಯಾರೇಜಿನ ಹತ್ತಿರ ಮಕ್ಕಳಿಗೆ ಕಲಿಸುತ್ತಾಳೆ ಎಂದು ಶಾಲಿನಿ ಹೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಆ ದಿನ ಕಲ್ಲೆಲ್ಲ ಅನ್ನಕ್ಕೆ ಹೋಯಿತು. ಎರಡು ಅಂಗಳದಲ್ಲಿ ಇಬ್ಬರು ಒಬ್ಬೊಬ್ಬರೇ ನಿಲ್ಲುವಂತೆ ಮಾಡಿದವಳು ನಾನು.

ಈ ಎರಡು ವರ್ಷವೂ ದಿನಾ ಹನ್ನೊಂದು ಗಂಟೆಗೆ ಕೋರ್ಟಿನಿಂದ ಅವಳ ಫೋನು ಬರುತ್ತಿತ್ತು. ‘ಅಜ್ಜೀ, ನೆಂಜುವೇದನ ಉಂಡೋ?’ ಎದೆನೋವು ಇದೆಯಾ ಎಂದು. ಇಲ್ಲ ಮಗಾ ಎನ್ನುತ್ತಿದ್ದೆ. ಆ ಹೊತ್ತಿಗೆ ಮಾತ್ರ ನಿಜವಾಗಿಯೂ ನೋಯುತ್ತಿತ್ತು.

ಹೋದ ವಾರ ನೀನು ಅವಳಿಗೆ ಫೋನು ಮಾಡಿದಾಗ ನಾನು ಅಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಮೊಣಕಾಲು ಇನ್ನೊಂದು ಬೇಸಿಗೆ ತಡೆಯುತ್ತದೆ, ನಮ್ಮ ಕಡೆಯ ಸಣ್ಣ ಪಂದ್ಯಗಳಲ್ಲಿ ಕೊನೆಯ ಸಲ ಆಡೋಣ ಬಾ, ಈ ತಿಂಗಳು ಮುಗಿಯುವುದರೊಳಗೆ ಇಬ್ಬರ ಹೆಸರೂ ಹೋಗಬೇಕು ಎಂದೆಯಂತೆ, ಆಮೇಲೆ ಶಾಲಿನಿ ಹೇಳಿದಳು. ಅವಳು ಕೊಟ್ಟ ಉತ್ತರದಲ್ಲಿ ನನಗೆ ಅರ್ಥವಾದದ್ದು ಎರಡೇ ಶಬ್ದ: ಅಜ್ಜಿ, ಹಾರ್ಟ್. ಅದಕ್ಕೆ ಮೂರನೆಯ ಕ್ಲಾಸು ಸಾಕು.

ನಿನ್ನೆ ಸಂಜೆ ಅವಳಿಗೆ ಎಲ್ಲವನ್ನೂ ಹೇಳಿದೆ. ನಿನಗೆ ಮೊದಲು ಬರೆದು ಅವಳಿಗೆ ಆಮೇಲೆ ಹೇಳೋಣ ಎಂದಿದ್ದೆ. ಅದೂ ಒಂದು ಕಳ್ಳದಾರಿ ಎನಿಸಿತು. ಬೂಟಿನ ದಾರ ಬಿಚ್ಚುತ್ತಿದ್ದವಳು ಹಾಗೇ ಕೂತಳು. ನಾನು ಬೈಗುಳಕ್ಕೆ ತಯಾರಾಗಿದ್ದೆ, ಬೈಯುವುದನ್ನು ಅವಳಿಗೆ ಕಲಿಸಿದವಳೇ ನಾನು. ಅವಳು ಒಂದೇ ಮಾತು ಕೇಳಿದಳು. ಹುಟ್ಟಿದಂದಿನಿಂದ ನನ್ನೊಂದಿಗೆ ಮಲಯಾಳ ಆಡಿದವಳು ಮುರುಕು ಕನ್ನಡದಲ್ಲಿ ಕೇಳಿದಳು: ‘ಲೆಂಕಾ ಬಾಳೆಹಣ್ಣು ಕೊಟ್ಟಳಲ್ಲ ಅಜ್ಜಿ, ಆಗಲೂ ನಿನಗೆ ನೋವು ಇರಲಿಲ್ಲವಾ?’ ಇರಲಿಲ್ಲ ಎಂದೆ. ಎದ್ದು ಒಳಗೆ ಹೋದಳು. ಬೆಳಿಗ್ಗೆ ನಾನು ಬಡಿಸಿದ ದೋಸೆ ತಿಂದು ಕೋರ್ಟಿಗೆ ಹೋದಳು.

ಇವತ್ತು ಹನ್ನೊಂದಕ್ಕೆ ಫೋನು ಬರಲಿಲ್ಲ. ಹನ್ನೆರಡೂವರೆವರೆಗೆ ಅದರ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಸೀರೆ ತೆಗೆಯಲು ಅಲಮಾರು ತೆರೆದೆ. ನನ್ನ ರೇಷ್ಮೆ ಸೀರೆಯ ಅಡಿಯಲ್ಲಿ ಇರಿಸಿದ್ದ ಅವಳ ಪಾಸ್‌ಪೋರ್ಟು ಅಲ್ಲಿ ಇಲ್ಲ. ಕೊಂಡುಹೋದದ್ದು ನಿನ್ನ ಹತ್ತಿರ ಬರುವುದಕ್ಕೋ, ನನ್ನ ಸೀರೆಯ ಅಡಿಯಲ್ಲಿ ತನ್ನದೇನೂ ಬೇಡವೆಂದೋ, ಕೇಳುವ ಮುಖ ನನಗಿಲ್ಲ. ಆದ್ದರಿಂದ ನೀನೇ ಕೇಳಬೇಕು.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಕೇಳಿ ಪಡೆಯಬಾರದು. ಅವಳನ್ನು ಇನ್ನೊಮ್ಮೆ ಕರೆ. ನಿಮ್ಮಮ್ಮನಿಗೆ ಹೇಳು, ಆ ಕೋಣೆಯಲ್ಲಿ ಏನಾದರೂ ತುಂಬಿಸಿದ್ದರೆ ಖಾಲಿ ಮಾಡಲಿ, ಕೂಸಿಗೆ ಹಾಸಿಗೆ ಗಟ್ಟಿ ಇರಬೇಕು, ದಪ್ಪ ದಿಂಬು ಆಗದು. ನಿನ್ನ ಮೊಣಕಾಲಿಗೆ ಎಣ್ಣೆ ಕಳಿಸುತ್ತೇನೆ, ಬಿಸಿ ಮಾಡಿ ಹಚ್ಚು, ಸೋಮಾರಿತನ ಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯತಕ್ಕದ್ದು. ನನಗಲ್ಲ, ಅವಳಿಗೆ.

ಇಬ್ಬರ ಕಾಲಿಗೂ ಬಲ ಬರಲಿ, ಹೋದ ಅಂಗಳದಲ್ಲೆಲ್ಲ ನಿಮ್ಮ ಜೋಡಿ ಒಡೆಯದಿರಲಿ ಎಂದು ಹರಸುತ್ತಾ,

ಬೆನ್ನ ಹಿಂದೆ ಅಂಗೈ ತೆರೆದು ನಿಂತಿರುವ
ನಿನ್ನ ಅಜ್ಜಿ,
ಮೂಕಾಂಬಿಕಾ